ಕೆಂಚಕ್ಕನ ಗೋಡೆಯ ಕಾಫಿ ಹೂವು

ಆಗ ಕೊಡಗು ಇನ್ನೂ ಮೈಸೂರಿಗೆ ಸೇರಿರಲಿಲ್ಲ. ನಮ್ಮದೇ ಒಂದು ಅಂಗೈಯಗಲದ ರಾಜ್ಯ, ಮಡಿಕೇರಿಯೇ ಅದರ ರಾಜಧಾನಿ. ಮಾದಾಪುರದ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ಅಪ್ಪ ಲೆಕ್ಕ ಬರೆಯುವ ರೈಟರಾಗಿದ್ದರು. ನನಗೆ ಹತ್ತು ವರ್ಷ. ಚಿತ್ರ ಬರೆಯುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ಯಾರನ್ನೂ ಕೇಳದೆ ನಾನೇ ತೀರ್ಮಾನಿಸಿಕೊಂಡಿದ್ದೆ.

ಬಣ್ಣದ ಡಬ್ಬಿ ಎಲ್ಲಿಂದ ಬರಬೇಕು? ಅವರೆ ಎಲೆ ಜಜ್ಜಿದರೆ ಹಸಿರು, ಒಲೆಯ ಮಸಿ ಕಪ್ಪು, ಅವ್ವನ ಎಲೆಅಡಿಕೆ ತಟ್ಟೆಯ ಸುಣ್ಣ ಬಿಳಿ. ಅಪ್ಪ ಆಫೀಸಿನಿಂದ ತರುತ್ತಿದ್ದ ಕಂದು ಕಾಗದದ ಮೇಲೆ ಆ ಸುಣ್ಣ ಎದ್ದು ಕಾಣುತ್ತಿತ್ತು. ಊಟವಾದ ಮೇಲೆ ಅವ್ವ ಸುಣ್ಣಕ್ಕೆ ಕೈಹಾಕಿದಾಗ ಡಬ್ಬಿ ಖಾಲಿಯಿದ್ದರೆ ನನ್ನ ಕಿವಿ ಹಿಂಡುವುದು ಖಾಯಂ.

ಆ ವರ್ಷ ಬೇಸಿಗೆಯ ಮೊದಲಿಗೆ, ಮಡಿಕೇರಿಯಲ್ಲಿ ಶಾಲೆಮಕ್ಕಳ ಚಿತ್ರಗಳನ್ನು ಪ್ರದರ್ಶನಕ್ಕೆ ಇಡುತ್ತಾರೆ, ನಮ್ಮಿಂದಲೂ ಒಂದು ಹೋಗಬೇಕು ಎಂದು ಮೇಷ್ಟ್ರು ಹೇಳಿದರು. ಊರಿನ ಹೂವನ್ನು ಬರೆಯಬೇಕು. ಮೇಷ್ಟ್ರು ಹಿಂದಿನ ಜೂನ್‌ನಲ್ಲಷ್ಟೇ ಬಯಲುಸೀಮೆಯಿಂದ ಬಂದವರು. ನಾನು ಕಾಫಿ ಹೂವನ್ನು ಬರೆದೆ. ಕೊಂಬೆಯ ಉದ್ದಕ್ಕೂ, ಗಿಣ್ಣುಗಿಣ್ಣಿಗೂ, ಎಲೆಯ ಬುಡದಲ್ಲಿ ಒತ್ತೊತ್ತಾಗಿ ಬಿಳಿ ಗೊಂಚಲು.

ಮೇಷ್ಟ್ರು ಕಾಗದವನ್ನು ತರಗತಿಯ ಮುಂದೆ ಎತ್ತಿ ಹಿಡಿದರು.

"ಹೂವು ಅಂದ್ರೆ ತೊಟ್ಟಿನ ತುದೀಲಿ ಅರಳಬೇಕಮ್ಮ. ಇದೇನು, ಬೂಷ್ಟು ಹಿಡಿದ ಕಡ್ಡಿ ಥರ ಇದೆ. ಬೇರೆ ಬರೆದು ತಾ."

ಇಡೀ ತರಗತಿ ನಕ್ಕಿತು. ನಕ್ಕವರಲ್ಲಿ ಅರ್ಧದಷ್ಟು ಜನ ಎಸ್ಟೇಟಿನ ಮಕ್ಕಳೇ. ಆ ಸಿಟ್ಟು ನನಗೆ ಇನ್ನೂ ಪೂರ್ತಿ ಇಳಿದಿಲ್ಲ.

ಅಪ್ಪನನ್ನು ಕೇಳಿದೆ. "ಹೂವು ಗಿಣ್ಣಲ್ಲೇ ಬಿಡೋದು ಮಗಳೇ. ಆದ್ರೆ ಮೇಷ್ಟ್ರು ಹೇಳಿದ್ಮೇಲೆ ಆಯ್ತಲ್ಲ, ಅವ್ರು ಹೇಳ್ದಂಗೆ ಬರ್ಕೊಡು" ಎಂದರು. ಅಲ್ಲಿಗೆ ನನ್ನ ಧೈರ್ಯ ಉಡುಗಿತು. ಕಂಡದ್ದನ್ನು ಕಂಡ ಹಾಗೆ ಬರೆಯುವುದು ಚಿತ್ರವಲ್ಲವೇನೋ, ಚಿತ್ರ ಬರೆಯುವವರ ಕಣ್ಣೇ ಬೇರೆಯೇನೋ, ಅದು ನನಗಿಲ್ಲವೇನೋ ಅನ್ನಿಸಿತು. ಕೊಂಬೆಯ ತುದಿಗೆ ಒಂದೇ ಒಂದು ದಪ್ಪ ಹೂವು ಕೂರಿಸಿ ಕೊಟ್ಟೆ. "ಭೇಷ್" ಎಂದು ಅದನ್ನೇ ಆರಿಸಿದರು. ನನಗೆ ಒಂದಿಷ್ಟೂ ಖುಷಿಯಾಗಲಿಲ್ಲ.

ಸಂಜೆ ಮೊದಲ ಚಿತ್ರವನ್ನು ಬಚ್ಚಲೊಲೆಗೆ ಹಾಕಲು ಹೋದೆ. ತೋಟದ ಕೂಲಿಯಾಳುಗಳ ಸಾಲುಮನೆ, ಅಂದರೆ ಲೈನಿನ ಕೆಂಚಕ್ಕ ಅವ್ವನ ಹತ್ತಿರ ಮಜ್ಜಿಗೆಗೆ ಬಂದಿದ್ದಳು. ಹಾಸನದ ಕಡೆಯವಳು, ಕಾಫಿ ಹಣ್ಣು ಕೊಯ್ಯುವುದರಲ್ಲಿ ಅವಳ ಕೈ ಮುಂದೆ ಯಾರ ಕೈಯೂ ಓಡುತ್ತಿರಲಿಲ್ಲ. ಕಾಗದ ಕಸಿದುಕೊಂಡು ಕೊಂಬೆಯ ಮೇಲೆ ಬೆರಳಾಡಿಸಿದಳು.

"ಇಗೋ ಈ ಗಿಣ್ಣು, ಈ ಗಿಣ್ಣು. ನಮ್ ಕಾಫಿ ಹೂವಲ್ವಾ ಇದು?"

"ಚೆನ್ನಾಗಿಲ್ಲ ಕೆಂಚಕ್ಕ. ತುದೀಲಿ ಇರ್ಬೇಕಂತೆ. ಮೇಷ್ಟ್ರು ಬೇಡ ಅಂದ್ರು."

"ತುದೀಲಿ ಬಿಟ್ರೆ ನಾವೇನ್ ಕುಯ್ಯೋದು? ಕಣ್ ಮುಚ್ಕಂಡ್ರೂ ನನ್ ಬೆಳ್ಳು ಇಲ್ಲಿಗೇ ಹೋಯ್ತದೆ. ನಂಗೆ ಕೊಡವ್ವ."

ಕೊಟ್ಟೆ. ಅವಳು ಅದನ್ನು ರಾಗಿ ಗಂಜಿ ಬಳಿದು ಲೈನಿನ ಮನೆಯ ಗೋಡೆಗೆ ಮೆತ್ತಿದಳಂತೆ.

ಮಾರ್ಚ್‌ನಲ್ಲಿ ಒಂದು ಮಧ್ಯಾಹ್ನ, ಕಾಫಿ ಮೊಗ್ಗು ಅರಳಿಸುವ ಹೂಮಳೆ ಬಿತ್ತು. ಅದಾದ ಒಂಬತ್ತನೆಯ ಬೆಳಿಗ್ಗೆ ಎದ್ದರೆ ತೋಟವೆಲ್ಲ ಬಿಳಿ. ಅಕ್ಕಿರೊಟ್ಟಿ ಬಾಯಿಗಿಟ್ಟರೂ ಮೂಗಿಗೆ ಬರುವುದು ಹೂವಿನ ವಾಸನೆಯೇ, ಕಿವಿತುಂಬ ಜೇನುಹುಳಗಳ ಸದ್ದು. ಶಾಲೆಯ ದಾರಿಯಲ್ಲಿ ಮೇಷ್ಟ್ರು ಒಂದು ಕೊಂಬೆ ಬಗ್ಗಿಸಿಕೊಂಡು ನಿಂತಿದ್ದರು. ನಾವು ನಮಸ್ಕಾರ ಹೇಳಿದ್ದು ಅವರಿಗೆ ಕೇಳಿಸಲೇ ಇಲ್ಲ.

ತರಗತಿಯಲ್ಲಿ ಕೇಳಿದರು, "ಆ ಮೊದಲನೇ ಚಿತ್ರ ಎಲ್ಲಿದೆಯಮ್ಮ? ನಾಳೆ ಮಡಿಕೇರಿಗೆ ಕಳಿಸಬೇಕು."

ಸಂಜೆ ಅವರನ್ನು ಲೈನಿಗೆ ಕರೆದೊಯ್ದೆ. ಕೆಂಚಕ್ಕ ಬಾಗಿಲಿಗೆ ಅಡ್ಡ ನಿಂತಳು.

"ಗಂಜೀಲಿ ಮೆತ್ತಿವ್ನಿ ಸೋಮಿ, ಕಿತ್ರೆ ಹರ್ದೋಯ್ತದೆ. ಕೊಡಾಕಿಲ್ಲ. ನೋಡಂಗಿದ್ರೆ ಒಳೀಕೆ ಬನ್ನಿ."

ಲೈನಿನ ಬಾಗಿಲು ಗಿಡ್ಡ. ನಮ್ಮ ಎತ್ತರದ ಮೇಷ್ಟ್ರು ಚಪ್ಪಲಿ ಬಿಟ್ಟು, ಸೊಂಟದವರೆಗೆ ಬಗ್ಗಿ ಒಳಗೆ ಹೋದರು. ಒಲೆಯ ಪಕ್ಕದ ಗೋಡೆಯಲ್ಲಿ ನನ್ನ ಚಿತ್ರವಿತ್ತು, ಅದರ ಅಂಚಿಗೆ ಕೆಂಚಕ್ಕ ಕುಂಕುಮ ಇಟ್ಟಿದ್ದಳು. ಮೇಷ್ಟ್ರು ಬಹಳ ಹೊತ್ತು ನೋಡಿದರು. ಅವಳು ಕೊಟ್ಟ ಬೆಲ್ಲದ ಕಾಫಿಯನ್ನು ನಿಂತೇ ಕುಡಿದರು. ಆ ಕಾಲದಲ್ಲಿ ಲೈನಿನಲ್ಲಿ ಮೇಷ್ಟ್ರು ಕಾಫಿ ಕುಡಿಯುವುದೆಂದರೆ ಊರೆಲ್ಲ ಮಾತಾಗುವಂಥದ್ದು.

ಹೊರಗೆ ಬಂದು ಅಂದರು, "ನಾನು ಈ ಹೂವು ನೋಡಿರಲಿಲ್ಲ ಕಣಮ್ಮ. ನೀನು ನೋಡಿದ್ದೆ."

ಮಡಿಕೇರಿಗೆ ಹೋದದ್ದು ತುದಿಯ ಹೂವೇ. ಹೊಸದು ಬರೆಯಲು ಹೊತ್ತಿರಲಿಲ್ಲ. ಅದಕ್ಕೆ ಬಹುಮಾನ ಬಂತೋ ಇಲ್ಲವೋ ನಾನು ಕೇಳಲೂ ಇಲ್ಲ. ನಿಜವಾದ ಚಿತ್ರ ಇರಬೇಕಾದ ಕಡೆ ಇದೆ ಎಂಬ ಜಂಬದಲ್ಲಿ ಆ ಬೇಸಿಗೆಯೆಲ್ಲ ಎದೆಯುಬ್ಬಿಸಿಕೊಂಡು ತಿರುಗಿದೆ.

ಮುಂದೆ ಚಿತ್ರ ಬರೆಯುವುದೇ ನನ್ನ ಕಸುಬಾಯಿತು. ಬೇಡವೆಂದು ಹಿಂದಕ್ಕೆ ಬಂದ ಚಿತ್ರಗಳು ಒಂದು ಪೆಟ್ಟಿಗೆ ತುಂಬ ಇವೆ. ಒಂದೊಂದು ಬಂದಾಗಲೂ ಕುಂಚ ತೊಳೆದು ಎತ್ತಿಟ್ಟುಬಿಡುತ್ತಿದ್ದೆ. ಮಾರನೆಯ ದಿನ ಆ ಗಿಡ್ಡ ಬಾಗಿಲಲ್ಲಿ ಬಗ್ಗಿದ ಮೇಷ್ಟ್ರ ಬೆನ್ನು ನೆನಪಾಗುತ್ತಿತ್ತು, ಮತ್ತೆ ಕುಂಚ ಹಿಡಿಯುತ್ತಿದ್ದೆ.

ಈಗ ಆ ತೋಟದಲ್ಲಿ ಹೂಮಳೆಗೆ ಯಾರೂ ಕಾಯುವುದಿಲ್ಲ, ಪಂಪು ಹಾಕಿ ನೀರು ಚಿಮ್ಮಿಸಿ ಹೂವು ಬಿಡಿಸುತ್ತಾರೆ. ಹಳೆಯ ಲೈನನ್ನು ಕೆಡವಿದ್ದಾರೆ, ಗೋಡೆಯೊಂದಿಗೆ ನನ್ನ ಚಿತ್ರವೂ ಮಣ್ಣಾಯಿತು. ಕೆಂಚಕ್ಕನೂ ಇಲ್ಲ. ನನ್ನ ಚಿತ್ರಗಳನ್ನು ಮೆಚ್ಚಿದವರಿದ್ದಾರೆ, ಕೊಂಡವರಿದ್ದಾರೆ. ಆದರೆ ಬಾಗಿಲಿಗೆ ಅಡ್ಡ ನಿಂತು ಕೊಡಾಕಿಲ್ಲ ಅಂದವರು ಅವಳೊಬ್ಬಳೇ.