ಕೊಡಲಿ ಕಾವು
ಹಳೇ ಪ್ರಾರ್ಥನೆ ಬಿಟ್ಟು ಹೊಸ ಹೆಸರು ಇಟ್ಟುಕೊಳ್ಳಿ ಅಂತ ಸರ್ಕಾರ ಅಪ್ಪಣೆ ಮಾಡಿದ ಮೇಲೆ, ಮನೆಮನೆ ಹೊಕ್ಕು ಪ್ರಾರ್ಥನೆಯ ಪುಸ್ತಕ ಹುಡುಕಲು ಬಂದ ಸಾಹೇಬ ಅದೇ ಓಣಿಯಲ್ಲಿ ಹುಟ್ಟಿದವನು. ಕೊಡಲಿ ಕಾವು ಕುಲಕ್ಕೆ ಮೃತ್ಯು ಅಂತ ಹೊಲಿಗೆ ಅಜ್ಜಿ ಅವನಿಗೆ ಕೊಡಲಿ ಕಾವು ಅಂತಲೇ ಹೆಸರಿಟ್ಟಿದ್ದಳು. ಹೋದ ವರ್ಷದವರೆಗೆ ಪ್ರಾರ್ಥನೆಯಲ್ಲಿ ಎಲ್ಲರಿಗಿಂತ ಜೋರಾಗಿ, ಎಲ್ಲರಿಗಿಂತ ಅಪಸ್ವರದಲ್ಲಿ ಹಾಡುತ್ತಿದ್ದವನು ಈಗ ಸರ್ಕಾರದ ಹೊಸ ಭಾಷೆಯನ್ನು ಬಿಸಿ ತುತ್ತಿನ ಹಾಗೆ ಬಾಯಲ್ಲಿ ಹೊರಳಿಸುತ್ತಾನೆ, ಹೆತ್ತ ತಾಯಿಯನ್ನೂ ಪಟ್ಟಿಯಲ್ಲಿರುವ ಹೊಸ ಹೆಸರಿನಿಂದಲೇ ಕರೆಯುತ್ತಾನೆ, ಕನ್ನಡಿ ಕಂಡಲ್ಲೆಲ್ಲ ನಿಂತು ಟೋಪಿ ಸರಿಮಾಡಿಕೊಳ್ಳುತ್ತಾನೆ. ಅಕ್ಕಿ ಡಬ್ಬದ ತಳ, ದಿಂಬಿನ ಹೊಟ್ಟೆ, ಯಾವುದನ್ನೂ ಅವನಿಗೆ ತೋರಿಸಿಕೊಡಬೇಕಾಗಿಲ್ಲ. ಕೈ ತಾನಾಗಿ ಅಲ್ಲಿಗೇ ಹೋಗುತ್ತದೆ. ಮೊನ್ನೆ “ಎಲ್ಲ ನಿಮ್ಮ ಒಳ್ಳೇದಕ್ಕೇ ಅಜ್ಜಿ” ಅನ್ನುತ್ತ ಅಜ್ಜಿಯ ಹೊಲಿಗೆ ಮೆಷಿನ್ನಿನ ಖಾನೆಯಿಂದಲೂ ಪುಸ್ತಕ ಎಳೆದು ಹೆಗಲ ಚೀಲಕ್ಕೆ ಹಾಕಿದ. ರಸೀದಿ ಬರೆಯಲು ಎರಡು ಕೈ ಬೇಕು, ಚೀಲವೋ ಹೆಣಭಾರ. “ಕೆಳಗಿಟ್ಟು ಬರಿಯಪ್ಪ” ಅಂದಳು ಅಜ್ಜಿ, ಒಳಗೊಳಗೇ ಉರಿಯುತ್ತ. ಪುಸ್ತಕ ನೆಲಕ್ಕೆ ತಾಗಬಾರದು ಅಂತ ಆ ಓಣಿಯ ಮಕ್ಕಳೆಲ್ಲ ಬೆನ್ನಿಗೆ ಗುದ್ದು ತಿಂದೇ ಕಲಿತವರು. ಅವನು ಒಂದು ಕಡೆ ವಾಲಿಕೊಂಡು, ಗೋಡೆಗೆ ಕಾಗದ ಒತ್ತಿ ಗೀಚತೊಡಗಿದ. “ನೆಲ ಒದ್ದೆ ಇದೆ” ಅಂದ. ನೆಲ ಒಣಗಿ ಧೂಳೆದ್ದಿತ್ತು. ಇಂಥವನಿಗೆ ಸಾಯೋವರೆಗೂ ಕೂತ್ಕೋ ಅನ್ನಬಾರದು ಅಂತಿದ್ದ ಅಜ್ಜಿ, ತನ್ನ ಸ್ಟೂಲನ್ನು ಅವನ ಪಕ್ಕಕ್ಕೆ ತಳ್ಳಿದಳು. “ನಿನಗಲ್ಲ,” ಅಂದಳು, “ಚೀಲಕ್ಕೆ.”