ಚಹಾ ಬಣ್ಣದ ಕಡಲು

ನಲವತ್ತೆರಡನೆಯ ವಯಸ್ಸಿನಲ್ಲಿ ನಾನು ಬ್ರಶ್ ಹಿಡಿದೆ. ಗದಗಿನ ಕಡೆಯವಳು, ಮಣಿಪಾಲದಲ್ಲಿ ಕೆಲಸ, ಪರ್ಕಳದಲ್ಲಿ ಬಾಡಿಗೆ ಕೋಣೆ. ಆಗಷ್ಟೇ ಬ್ರಾಡ್‌ಬ್ಯಾಂಡ್ ಹಾಕಿಸಿಕೊಂಡಿದ್ದೆ. ಯಾವುದೋ ಚಳಿದೇಶದ ಮೇಷ್ಟ್ರೊಬ್ಬರು ಇಂಟರ್‌ನೆಟ್ಟಿನಲ್ಲಿ ವಾರಕ್ಕೊಂದು ಜಲವರ್ಣದ ಪಾಠ ಹಾಕುತ್ತಿದ್ದರು. ಅವರು ಒಂದು ಗೆರೆ ಎಳೆಯುವಷ್ಟರಲ್ಲಿ ವಿಡಿಯೊ ನಾಲ್ಕು ಸಲ ನಿಲ್ಲುತ್ತಿತ್ತು. ನನಗೋ ಮೊದಲೇ ಮೂಗಿನ ತುದಿಯಲ್ಲಿ ಕೋಪ.

ನನ್ನ ಮನೆಯೊಡತಿಗೆ ಇದೊಂದು ತಮಾಷೆ. ಎಪ್ಪತ್ತು ದಾಟಿದ ಆಕೆ ಕಾಪುವಿನ ಮೀನುಗಾರರ ಮನೆಯ ಮಗಳು. ಭಾನುವಾರ ಬೆಳಿಗ್ಗೆ ಚಹಾದ ಗ್ಲಾಸು ಹಿಡಿದು ಬಂದು ಕಂಪ್ಯೂಟರಿನ ಮುಂದೆ ಕೂರುತ್ತಿದ್ದರು.

"ಎಂತ ಮಾರಾಯ್ತಿ, ನಿನ್ನ ಮೇಷ್ಟ್ರು ಇವತ್ತೂ ಕಲ್ಲಾದರಾ?"

ಒಂದು ಭಾನುವಾರ ಇದ್ದಕ್ಕಿದ್ದಂತೆ ಕೇಳಿದರು: "ನನ್ನ ತವರುಮನೆ ಬಿಡಿಸಿ ಕೊಡ್ತೀಯಾ? ದಡದಲ್ಲೇ ಇತ್ತು. ಕಡಲು ಕೊರೆದು ಕೊರೆದು ಒಂದು ಮಳೆಗಾಲದಲ್ಲಿ ಪೂರಾ ಹೋಯಿತು. ಒಂದು ಫೋಟೊ ಸಹ ಇಲ್ಲ."

ಎರಡು ಸೇಬಿನ ಚಿತ್ರ ಬಿಡಿಸಲಷ್ಟೇ ಕಲಿತವಳು ನಾನು. ಹಿಂದೆ ಮುಂದೆ ನೋಡದೆ ಹೂಂ ಅಂದೆ. ಆಮೇಲೆ ನೋಡಿದರೆ ಮನೆ ಬಿಡಿಸುವ ಪಾಠ ಇನ್ನೂ ತಿಂಗಳುಗಟ್ಟಲೆ ದೂರದಲ್ಲಿತ್ತು. ನನ್ನಷ್ಟಕ್ಕೆ ಬಿಡಿಸಿದ ಮನೆ ತುಂಬಿದ ಸಿಟಿ ಬಸ್ಸಿನಂತೆ ಒಂದು ಬದಿಗೆ ವಾಲಿತು. ಸದಾ ನಗುವ ಆಕೆ ಅಂದು ನಗಲಿಲ್ಲ. ಹಾಳೆಯನ್ನು ಮೆಲ್ಲಗೆ ಮಗುಚಿಟ್ಟು ಎದ್ದುಹೋದರು. ನನಗೆ ತುಂಬಾ ಬೇಸರವಾಯಿತು.

ಅಷ್ಟರಲ್ಲಿ ಕಡಲಿನ ಪಾಠ ಬಂತು. ಮೇಷ್ಟ್ರು ಹೇಳಿದಂತೆ ನೀಲಿ ಬಳಿದು, ನೊರೆಗೆ ಬಿಳಿ ಜಾಗ ಬಿಟ್ಟು, ಹೆಮ್ಮೆಯಿಂದ ಮನೆಯೊಡತಿಗೆ ತೋರಿಸಿದೆ.

"ಇದು ಯಾವ ಊರಿನ ಕಡಲು?" ಎಂದರು.

ನನಗೆ ರೇಗಿತು. "ಹಾಗಾದರೆ ನೀವೇ ಹೇಳಿ."

ಅವರು ಚಹಾದ ಗ್ಲಾಸನ್ನು ಕಿಟಕಿಯ ಬೆಳಕಿಗೆ ಹಿಡಿದರು. "ಮಳೆಗಾಲದಲ್ಲಿ ದಡದ ಹತ್ತಿರ ಈ ಬಣ್ಣ. ಹೊಳೆಯ ಕೆಂಪು ನೀರು ಬಂದು ಸೇರುತ್ತದಲ್ವಾ? ಅದರ ಆಚೆ ಹಸಿರು. ನಿನ್ನ ನೀಲಿ ಉಂಟಲ್ಲ, ಅದು ದೂರದಲ್ಲಿ ಒಂದು ದಾರದಷ್ಟು ಸಾಕು. ನನ್ನ ಅಪ್ಪ ಆಕಾಶ ನೋಡುವ ಮೊದಲು ನೀರಿನ ಬಣ್ಣ ನೋಡುತ್ತಿದ್ದರು."

ಮೂರು ಭಾನುವಾರ ಅವರು ಹೇಳಿದರು, ನಾನು ಬಳಿದೆ. ಹಾಳೆಗಳು ಹಾಳಾದವು, ಇಬ್ಬರೂ ಜಗಳವಾಡಿದೆವು. ಕೊನೆಗೆ ಅವರು ಒಪ್ಪಿದ ಒಂದು ಚಿತ್ರದ ಫೋಟೊ ತೆಗೆದು ಮೇಷ್ಟ್ರಿಗೆ ಕಳುಹಿಸಿದೆ. ನೀರು ಕೊಳಕಾಗಿದೆ, ಬ್ರಶ್ಶನ್ನು ಸರಿಯಾಗಿ ತೊಳೆಯಿರಿ ಎಂದು ಉತ್ತರ ಬಂತು. ಸಿಟ್ಟಿನಿಂದ ಓದಿ ಹೇಳಿದೆ.

"ಪಾಪ, ಅವರು ನಮ್ಮ ಮಳೆಗಾಲ ನೋಡಿಲ್ಲ," ಎಂದರು ಆಕೆ. ಮೇಷ್ಟ್ರ ವಿದ್ಯೆಯ ಬಗ್ಗೆ ಅವರು ಹೇಳಿದ್ದು ಅಷ್ಟೇ.

"ಮನೆಯ ಪಾಠ ಬರಲಿ, ನಿಮ್ಮ ಮನೆಯನ್ನೂ ಬಿಡಿಸಿ ಕೊಡುತ್ತೇನೆ," ಎಂದೆ.

ಅವರು ಚಿತ್ರದ ಮೇಲೆ ಬಗ್ಗಿದರು. ಚಹಾ ಬಣ್ಣದ ಅಲೆ ಒಡೆಯುವಲ್ಲಿ ಬೆರಳಿಟ್ಟರು. "ಜಗಲಿ ಇಲ್ಲಿ. ಅಡಿಗೆಕೋಣೆ ಇಲ್ಲಿ. ಅಮ್ಮ ಮೀನು ಒಣಗಿಸುತ್ತಿದ್ದದ್ದು ಇಲ್ಲಿ." ಬೆರಳು ನೀರಿನ ಮೇಲೆಯೇ ಸುತ್ತಾಡಿತು. "ಮನೆ ಈಗ ಇರುವುದು ಹೀಗೆಯೇ ಅಲ್ವಾ? ನೀನು ಬಿಡಿಸಿ ಆಯಿತು, ಮಾರಾಯ್ತಿ."

ನಾಲ್ಕು ತಿಂಗಳಾದ ಮೇಲೆ ಮನೆಯ ಪಾಠ ಬಂತು. ನೋಡಿದೆ, ಚೆನ್ನಾಗಿಯೇ ಕಲಿತೆ. ಅವರ ಗೋಡೆಯ ಮೇಲಿದ್ದ ಆ ಚಿತ್ರಕ್ಕೆ ಮಾತ್ರ ಒಂದು ಗೆರೆಯನ್ನೂ ಸೇರಿಸಲಿಲ್ಲ.