ಸದ್ದು ಮಾಡದ ರೊಟ್ಟಿ

ತಿಕೋಟಾದಲ್ಲಿ ಯಾರ ಮಗ ಸೈನ್ಯಕ್ಕೆ ಹೊರಟರೂ ಅವನ ಚೀಲ ಬಿಚ್ಚಿ ನೋಡುವ ಹಕ್ಕು ಸಿಕಂದರ ಕಾಕಾನದು. ಕೊಟ್ಟವರು ಯಾರೂ ಇಲ್ಲ, ತಾನೇ ತೆಗೆದುಕೊಂಡಿದ್ದಾನೆ. ಇಪ್ಪತ್ತೆರಡು ವರ್ಷ ಕಾಲಾಳು ಪಡೆಯಲ್ಲಿದ್ದು ಹವಾಲ್ದಾರನಾಗಿ ಬಂದ ಮನುಷ್ಯ, ಈಗ ಒಣದ್ರಾಕ್ಷಿ ಗೋದಾಮು ಕಾಯುತ್ತಾನೆ.

ಮೊನ್ನೆ ನನ್ನ ತಮ್ಮ ಮುತ್ತು ರಜೆ ಮುಗಿಸಿ ಹೊರಟ. ಈ ಸಲ ಅವನಿಗೆ ಗಡಿಯ ಮುಂಚೂಣಿ ಚೌಕಿ. ಅದನ್ನು ಕೇಳಿದಾಗಿನಿಂದ ನಮ್ಮವ್ವ ರಾಚವ್ವನಿಗೆ ಅನ್ನ ಸೇರುತ್ತಿರಲಿಲ್ಲ. ಎರಡು ದಿನ ಕೂತು ಅರವತ್ತು ಖಡಕ್ ರೊಟ್ಟಿ ಬಡಿದಿದ್ದಳು. ತನ್ನ ಕೈಯ ರೊಟ್ಟಿ ಮೈಮೇಲಿದ್ದರೆ ಮಗನಿಗೆ ಏನೂ ಆಗದೆಂಬ ನಂಬಿಕೆ. ಕಾಕಾ ಚೀಲ ಎತ್ತಿ, ದೊಪ್ಪನೆ ಕೆಳಗಿಟ್ಟ. ನನಗಂತೂ ಮೈಯೆಲ್ಲ ಉರಿಯಿತು.

“ತಂಗೀ, ಇವನ್ನ ಟ್ರೇನಿನಾಗ ದೋಸ್ತರ ತಿಂದು ಮುಗಸ್ತಾರ. ಗಸ್ತಿಗೆ ಹೋಗೂವಾಗ ಗುಂಡು, ನೀರು, ಗಾಯದ ಪಟ್ಟಿ ಬಿಡಾಕ ಬರಂಗಿಲ್ಲ. ಉಳಿಯೂದು ಅಂಗೈಯಷ್ಟ ಜಾಗಾ. ಅದರಾಗ ಒಬ್ಬಾಂವ ಕಾಲ್ಚೀಲ ಇಡ್ತಾನ, ಒಬ್ಬಾಂವ ಹೆಂಡ್ತಿ ಫೋಟೋ.”

“ನೀ ಏನ್ ಇಟ್ಕೊಂಡಿದ್ದಿ ಅಣ್ಣಾ?” ಅವ್ವ ಕೆರಳಿ ಕೇಳಿದಳು.

ಕಾಕಾ ಮೀಸೆ ಸವರಿದ. “ರೊಟ್ಟಿ.”

ಕಾಕಾನ ಮೊದಲ ಕಾರ್ಯಾಚರಣೆಯಂತೆ. ಕಾಲ್ಚೀಲ ಬಿಟ್ಟು, ತಾಯಿ ಚಾಂದಬಿ ಕಳಿಸಿದ್ದ ನಾಲ್ಕು ರೊಟ್ಟಿ ಅಂಗಿಯೊಳಗೆ ಸೇರಿಸಿದ್ದಾನೆ. ನಸುಕಿನ ಮಂಜಿನಲ್ಲಿ ಎಲ್ಲರೂ ಉಸಿರು ಬಿಗಿಹಿಡಿದು ಹೊಂಚು ಹಾಕಿದ್ದಾರೆ. ಈತ ಬೋರಲು ಮಲಗಿದ್ದೇ ತಡ, ಪಟಾರ್! ನಾಲ್ಕೂ ಒಟ್ಟಿಗೆ ಮುರಿದವು. ಪಕ್ಕದವನು ಬಂದೂಕು ಇವನತ್ತಲೇ ತಿರುಗಿಸಿದ. ಎದುರಿನವರು ಪರಾರಿ. ಸಾಹೇಬರು ವಾರಗಟ್ಟಲೆ ಮೈದಾನ ಸುತ್ತಿಸಿದರು.

“ಅಲ್ಲಿಗೆ ಒಯ್ಯೂದ ಬಿಟ್ರ್ಯಾ ಕಾಕಾ?” ಮುತ್ತು ಕೇಳಿದ.

“ಎಲ್ಲಿ ಬಿಡ್ಲೆಪಾ! ಮುಂದ ಪುಡಿ ಮಾಡ್ಕೊಂಡು ಒಯ್ದೆ.”

ಅವ್ವ ಕಾಕಾನನ್ನು ದುರುಗುಟ್ಟಿ ನೋಡಿದಳು. ಒಡೆದ ರೊಟ್ಟಿಯನ್ನು ಬುತ್ತಿಗೆ ಕಟ್ಟುವುದೆಂದರೆ ಆಕೆಗೆ ದೊಡ್ಡ ಅಪಮಾನ; ತುದಿ ಮುಕ್ಕಾದ ರೊಟ್ಟಿಯನ್ನೂ ಎಮ್ಮೆಗೆ ಹಾಕುವವಳು. ಆದರೂ ಕೂತಳು. ನಾಲ್ಕು ರೊಟ್ಟಿಯನ್ನು ಕೈಯಾರೆ ಮುರಿದು, ಕುಟ್ಟಿ, ಬೆಲ್ಲ, ಶೇಂಗಾ ಪುಡಿ ಕಲಸಿ, ಬಟ್ಟೆಯಲ್ಲಿ ಅಂಗೈಯಗಲದ ಗಂಟು ಕಟ್ಟಿದಳು. ಕಣ್ಣು ಒರೆಸಿಕೊಂಡಿದ್ದನ್ನು ನಾವು ಯಾರೂ ನೋಡಲಿಲ್ಲವೆಂದೇ ಆಕೆಯ ಎಣಿಕೆ. ಅಷ್ಟರಲ್ಲಿ ಕಾಕಾ ಹತ್ತು ಇಡೀ ರೊಟ್ಟಿ ಬಗಲಿಗೇರಿಸಿದ್ದ.

“ಗೋದಾಮ ಕಾಯೂದ್ರಾಗ ಸದ್ದಾದ್ರ ಚಲೋನ ಆತಲ್ಲ,” ಎಂದ.

ಬಸ್ಸು ಬಂತು. ಮುತ್ತು ಗಂಟನ್ನು ಅಂಗಿಯೊಳಗೆ ಇಟ್ಟುಕೊಂಡ. ಅವ್ವ ಅವನನ್ನು ಬರಸೆಳೆದು, ಎದೆಗೆ ಕಿವಿಯೊತ್ತಿ, ಎರಡೂ ಕೈಯಿಂದ ಗಟ್ಟಿಯಾಗಿ ಅಮುಕಿದಳು. ಏನೂ ಸದ್ದಾಗಲಿಲ್ಲ.

“ಹೂಂ, ಈಗ ಹೋಗಿ ಬಾ,” ಎಂದಳು.